ಕಸ ಯಾರದು, ರಸ ಯಾರದು?

(ಬೇಡವಾದ ವಸ್ತುಗಳಿಂದ ಒಡವೆ ಮತ್ತು ಕಲಾವಸ್ತುಗಳನ್ನು ಮಾಡುವ ಮಹಿಳೆಯರ ತರಬೇತಿ ಶಿಬಿರದ ಕೊನೆಯ ದಿನ ಮಾಡಿದ ಭಾಷಣದ ಪಾಠ)



‘ಕಸದಿಂದ ರಸ’ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಶಾಲೆಯ ಗೋಡೆಯ ಮೇಲಿದೆ, ಪುರಸಭೆಯ ಗಾಡಿಯ ಮೇಲಿದೆ, ಮಂತ್ರಿಗಳ ಭಾಷಣದಲ್ಲಿದೆ. ಕೇಳಲು ಇಂಪಾಗಿದೆ, ಪ್ರಾಸವೂ ಕೂಡಿದೆ. ಪ್ರಾಸ ಕೂಡಿದ ಮಾತ್ರಕ್ಕೆ ಲೆಕ್ಕ ಕೂಡುವುದಿಲ್ಲ. ಕಸ ಯಾರ ಪಾಲಿಗೆ ಬಂತು, ರಸ ಯಾರ ಪಾಲಿಗೆ ಹೋಯಿತು ಎಂದು ಆ ಮಾತನ್ನು ಗೋಡೆಯ ಮೇಲೆ ಬರೆಸಿದವರು ಕೇಳಿಕೊಂಡಂತೆ ಕಾಣುವುದಿಲ್ಲ. ಹಳೆಯ ಪತ್ರಿಕೆಯ ಮಣಿ, ಸೋಡಾ ಬಾಟಲಿ ಮುಚ್ಚಳದ ಓಲೆ, ಬಳೆಚೂರಿನ ಪದಕ ಇವುಗಳನ್ನು ಮಾಡಲು ಕಲಿತು ಇಂದು ಊರಿಗೆ ಹೊರಟಿರುವ ನಿಮ್ಮೊಡನೆ ಆ ಒಂದು ಪ್ರಶ್ನೆಯನ್ನೇ ಮಾತಾಡಬೇಕೆಂದು ನಾವು ಬಂದಿದ್ದೇವೆ. ಹೊಗಳುವ ಕೆಲಸವನ್ನು ನಮಗಿಂತ ಮುಂಚೆ ಮಾತಾಡಿದವರು ಧಾರಾಳವಾಗಿ ಮಾಡಿ ಮುಗಿಸಿದ್ದಾರೆ.

ಕಸದಲ್ಲಿ ಒಡವೆಯನ್ನು ಹುಡುಕುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಅದನ್ನೇ ಕಸುಬು ಮಾಡಿಕೊಂಡಿದ್ದವನಿಗೆ ಕನ್ನಡದಲ್ಲಿ ಒಂದು ಹೆಸರೇ ಇದೆ: ಜಲಗಾರ. ಅಕ್ಕಸಾಲೆ ಚಿನ್ನವನ್ನು ಅರದಿಂದ ಉಜ್ಜುವಾಗ, ಕತ್ತರಿಸುವಾಗ, ಮೆರುಗು ಕೊಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ನೆಲಕ್ಕೆ ಬೀಳುತ್ತದೆ. ಚಾಪೆಯ ಸಂದಿಗೆ ಸೇರುತ್ತದೆ, ಕುಲುಮೆಯ ಬೂದಿಯಲ್ಲಿ ಅಡಗುತ್ತದೆ, ಕೈ ತೊಳೆದ ನೀರಿನೊಡನೆ ಬಚ್ಚಲಿಗೂ ಹೋಗುತ್ತದೆ. ಜಾಣನಾದ ಅಕ್ಕಸಾಲೆ ತನ್ನ ಅಂಗಡಿಯ ಕಸವನ್ನು ಬೀದಿಗೆ ಎಸೆಯುವುದಿಲ್ಲ, ಮಾರುತ್ತಾನೆ. ಕೊಂಡ ಜಲಗಾರ ಅದನ್ನು ಮರಿಗೆಗೆ ಹಾಕಿ, ನೀರು ತುಂಬಿ, ಓರೆಯಾಗಿ ಹಿಡಿದು ಅಲುಗಿಸುತ್ತಾ ಹೋಗುತ್ತಾನೆ. ಮಣ್ಣು, ಬೂದಿ, ಇದ್ದಿಲು ನೀರಿನ ಜೊತೆ ಜಾರಿಹೋಗುತ್ತವೆ. ಚಿನ್ನ ಅಡಿಯಲ್ಲಿ ನಿಲ್ಲುತ್ತದೆ. ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರವಾದರೆ ಚಿನ್ನ ಹತ್ತೊಂಬತ್ತು ಪಟ್ಟು ಭಾರ. ಇಷ್ಟೇ ಇದರ ಗುಟ್ಟು. ಉಳಿದ ಕಪ್ಪು ಮಡ್ಡಿಗೆ ಪಾದರಸವನ್ನು ಬೆರೆಸಿ ತಿಕ್ಕಿದರೆ ಅದು ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಆ ಉಂಡೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ನಿಲ್ಲುತ್ತದೆ. ಜೊತೆಗಿರುವ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ. ಕರಗಿದ ಬೆಳ್ಳಿಯೂ ನಷ್ಟವಲ್ಲ. ಆ ನೀರಿಗೆ ಒಂದು ತಾಮ್ರದ ತಗಡನ್ನು ಅದ್ದಿದರೆ ಬೆಳ್ಳಿ ಬೂದುಬಣ್ಣದ ಪುಡಿಯಾಗಿ ಮರಳಿ ಬರುತ್ತದೆ. ಕಾಲೇಜಿನ ಮೆಟ್ಟಿಲು ಹತ್ತದ ಜನ ಇಷ್ಟು ರಸಾಯನಶಾಸ್ತ್ರವನ್ನು ಕೈಯಲ್ಲಿಟ್ಟುಕೊಂಡಿದ್ದರು.

ಹಾರಿಹೋದ ಪಾದರಸ ಎಲ್ಲಿಗೆ ಹೋಯಿತು ಎಂದು ನೀವು ಕೇಳಬೇಕು. ಅವನ ಎದೆಯೊಳಕ್ಕೆ ಹೋಯಿತು. ಚಿನ್ನ ಮಾತ್ರ ಅಕ್ಕಸಾಲೆಯ ಬೀದಿಗೆ ಹಿಂದಿರುಗಿತು.

ಆ ಹೆಸರಿನ ಗತಿಯನ್ನೂ ನೋಡಿ. ಧೂಳಿನಿಂದ ಚಿನ್ನ ತೆಗೆಯಬಲ್ಲವನಿಗಿದ್ದ ಹೆಸರೇ ಬೀದಿ ಗುಡಿಸುವವನಿಗೂ ಹೆಸರಾಗಿದೆ. ಕುವೆಂಪು ಅವರ ‘ಜಲಗಾರ’ ನಾಟಕದ ನಾಯಕ ಚಿನ್ನ ತೊಳೆಯುವವನಲ್ಲ, ಬೀದಿ ಗುಡಿಸುವವನು; ಅವನಿದ್ದಲ್ಲಿಗೆ ಶಿವನೇ ಜಲಗಾರನಾಗಿ ಬರುತ್ತಾನೆ. ಒಂದೇ ಶಬ್ದದಲ್ಲಿ ಎರಡು ಕಸುಬು ಕೂತಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಧೂಳನ್ನು ಮುಟ್ಟಿದ ಕೈ ಏನನ್ನು ತೆಗೆದುಕೊಟ್ಟರೂ ನಮ್ಮ ಸಮಾಜದ ಕಣ್ಣು ಧೂಳಿನ ಮೇಲೆಯೇ ನಿಂತಿತು.

ಬಟ್ಟೆಯ ವಿಷಯಕ್ಕೆ ಬರೋಣ. ಉತ್ತರ ಕರ್ನಾಟಕದಿಂದ ಬಂದ ಸೋದರಿಯರಿಗೆ ಕೌದಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಸವೆದ ಸೀರೆ, ಹರಿದ ಧೋತರ, ಮಗುವಿಗೆ ಚಿಕ್ಕದಾದ ಅಂಗಿ ಎಲ್ಲ ಸೇರಿ ಒಂದು ಹೊದಿಕೆಯಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಇದನ್ನೇ ಕವಂದಿ ಎನ್ನುತ್ತಾರೆ. ಅವರ ಪೂರ್ವಿಕರನ್ನು ಆಫ್ರಿಕದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ಯಜಮಾನರನ್ನು ಬಿಟ್ಟು ಓಡಿದವರು ಕಾಡನ್ನು ಸೇರಿದರು. ಕವಂದಿಯನ್ನು ಅಂಚಿನಿಂದ ಶುರುಮಾಡಿ, ತುಂಡಿಗೆ ತುಂಡು ಸೇರಿಸುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಸಣ್ಣ ತ್ರಿಕೋನಗಳನ್ನು ಕೂಡಿಸುತ್ತಾರೆ. ಹೊದಿಕೆ ಬೆಚ್ಚಗಿರಲು ಅದರಿಂದ ಏನೂ ಉಪಯೋಗವಿಲ್ಲ. ಅದನ್ನು ಅವರು ಹೂವು ಎಂದು ಕರೆಯುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಬಡವರಿಗೆ ಹೊಟ್ಟೆ ತುಂಬಿದ ಮೇಲಲ್ಲವೇ ಅಲಂಕಾರ ಎಂದು ಮೂಗು ಮುರಿಯುವ ವಿದ್ಯಾವಂತರು ಈ ನಾಲ್ಕು ಮೂಲೆಗಳನ್ನು ನೋಡಬೇಕು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹೂವನ್ನು ಅವರು ಅದಕ್ಕೂ ಬಹಳ ಹಿಂದಿನಿಂದ ಹೊಲಿಯುತ್ತಿದ್ದಾರೆ. ಈಗ ಕವಂದಿಗಳು ಅಮೆರಿಕದ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗಿವೆ. ಆದದ್ದು ಒಳ್ಳೆಯದೇ. ಗೋಡೆಯ ಮೇಲಿನ ಬೆಲೆಗೂ ಯಲ್ಲಾಪುರದ ಅಂಗಳದಲ್ಲಿ ಕೊಟ್ಟ ಬೆಲೆಗೂ ಎಷ್ಟು ದೂರ ಎಂಬುದನ್ನು ಪ್ರತಿ ಸಲವೂ ಕೇಳುವ ಹಕ್ಕು ಹೊಲಿದವರಿಗಿದೆ.

ಈಗ ನಿಮ್ಮನ್ನು ದೂರದ ಚಂಡೀಗಢಕ್ಕೆ ಕರೆದುಕೊಂಡು ಹೋಗುತ್ತೇವೆ. ಕಸದಿಂದ ಕಲೆ ಮಾಡಿದ ಒಬ್ಬ ಸಾಮಾನ್ಯ ನೌಕರನ ಕಥೆ ಅಲ್ಲಿದೆ. ನಮ್ಮ ಪ್ರಶ್ನೆಯ ಎಲ್ಲ ಎಳೆಗಳೂ ಅದರೊಳಗಿವೆ.

1947ರಲ್ಲಿ ಪಂಜಾಬು ಎರಡಾಯಿತು. ರಾಜಧಾನಿ ಲಾಹೋರು ಆಚೆಗೆ ಹೋಯಿತು. ಈಚೆಯ ಪಂಜಾಬಿಗೆ ಹೊಸ ರಾಜಧಾನಿ ಕಟ್ಟಬೇಕಾಯಿತು. ನಕ್ಷೆ ಹಾಕಲು ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಬಂದರು. ಚೌಕ ಚೌಕವಾದ ವಿಭಾಗಗಳು, ನೇರ ರಸ್ತೆಗಳು, ಎಲ್ಲವೂ ಅಳತೆಗೆ ತಕ್ಕಂತೆ. ನಕ್ಷೆಯ ಕಾಗದ ಬಿಳಿಯದಾಗಿತ್ತು, ನೆಲ ಬಿಳಿಯದಾಗಿರಲಿಲ್ಲ. ಅಲ್ಲಿ ಹಳ್ಳಿಗಳಿದ್ದವು, ಮನೆಗಳಿದ್ದವು, ಮಾವಿನ ತೋಪುಗಳಿದ್ದವು. ಹಳ್ಳಿಗಳನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು. ಹೊಸ ನಗರ ಏಳುತ್ತಿದ್ದಂತೆ ಪಕ್ಕದಲ್ಲಿ ಹಳೆಯ ಹಳ್ಳಿಗಳ ಅವಶೇಷದ ರಾಶಿಯೂ ಎದ್ದಿತು: ಒಡೆದ ಮಡಕೆ, ಮುರಿದ ಹೆಂಚು, ಬಳೆಚೂರು, ಸೈಕಲ್ಲಿನ ಬಿಡಿಭಾಗ.

ಆ ನಗರದ ಲೋಕೋಪಯೋಗಿ ಇಲಾಖೆಯಲ್ಲಿ ನೇಕ್ ಚಂದ್ ಎಂಬ ಒಬ್ಬ ರಸ್ತೆ ಇನ್‌ಸ್ಪೆಕ್ಟರ್ ಇದ್ದರು. 1924ರಲ್ಲಿ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯಲ್ಲಿ. ದೇಶ ಒಡೆದಾಗ ನಿರಾಶ್ರಿತರಾಗಿ ಬಂದವರು. ತಾನೂ ಹಳ್ಳಿ ಕಳೆದುಕೊಂಡವನು, ಕಣ್ಣೆದುರಿಗೆ ಬೇರೆಯವರ ಹಳ್ಳಿ ಕೆಡವುವುದನ್ನೂ ಕಂಡವನು. 1957ರ ಸುಮಾರಿನಿಂದ ಅವರು ಕೆಲಸ ಮುಗಿದ ಮೇಲೆ ಸೈಕಲ್ ಹತ್ತಿ ಈ ರಾಶಿಗಳಿಂದ ಬೇಕಾದದ್ದನ್ನು ಆಯ್ದು ತರತೊಡಗಿದರು. ಸುಖ್ನಾ ಕೆರೆಯ ಹತ್ತಿರ ಕಾಡಿನಲ್ಲಿ ಒಂದು ಕೊರಕಲು. ಅಲ್ಲಿ ಯಾರೂ ಏನೂ ಕಟ್ಟಕೂಡದೆಂದು ಸರ್ಕಾರದ ಕಟ್ಟಪ್ಪಣೆ. ಸರ್ಕಾರಿ ನೌಕರರಾದ ನೇಕ್ ಚಂದ್ ಅಲ್ಲಿಯೇ, ಯಾರಿಗೂ ತಿಳಿಯದಂತೆ, ಹದಿನೆಂಟು ವರ್ಷ ಕಟ್ಟಿದರು.

ಅವರು ಕೆಲಸ ಮಾಡಿದ ರೀತಿ ನಿಮಗೆ ಪಾಠವಾದೀತು. ಸೈಕಲ್ಲಿನ ಚೌಕಟ್ಟು, ಮಡ್‌ಗಾರ್ಡು, ಕಂಬಿ, ತಂತಿ ಇವು ಬೊಂಬೆಯ ಎಲುಬು. ಅದರ ಮೇಲೆ ಸಿಮೆಂಟಿನ ಮಾಂಸ. ಸಿಮೆಂಟು ಹಸಿಯಾಗಿರುವಾಗಲೇ ಬಳೆಚೂರು, ಪಿಂಗಾಣಿಚೂರುಗಳನ್ನು ಒತ್ತಿದರೆ ಅದೇ ಚರ್ಮ, ಅದೇ ಉಡುಗೆ, ಅದೇ ಒಡವೆ. ಸಾಲಾಗಿ ನಿಂತ ನೃತ್ಯಗಾತಿಯರು, ನೀರು ಹೊತ್ತ ಹೆಂಗಸರು, ಕೋತಿಗಳು, ನವಿಲುಗಳು. ಬೇರೆ ಬೇರೆ ಮನೆಗಳ ಕೈಗಳಲ್ಲಿ ಒಡೆದ ಬಳೆಗಳು ಒಬ್ಬಳೇ ನರ್ತಕಿಯ ಮೈಮೇಲೆ ಬಂದು ಕೂತಿವೆ.

ಇಲ್ಲಿ ಒಂದು ಮಾತು ಮಧ್ಯೆ ಹೇಳಬೇಕು. ನಿಮ್ಮ ಬಳೆಚೂರಿನ ಪದಕಗಳನ್ನು ನೋಡಿ ಹಿರಿಯರೊಬ್ಬರು ‘ಒಡೆದ ಬಳೆಯನ್ನು ಮುತ್ತೈದೆಯರು ಕೊರಳಿಗೆ ಹಾಕಬಾರದು’ ಎಂದು ಬೇಸರಪಟ್ಟರೆಂದು ಕೇಳಿದೆವು. ಬಳೆ ಒಡೆದದ್ದು ಅಪಶಕುನವೆನ್ನುವ ಭಾವನೆ ಎಲ್ಲಿಂದ ಬಂತು? ಗಂಡ ಸತ್ತ ಹೆಂಗಸಿನ ಕೈಯನ್ನು ಹಿಡಿದು ಬಳೆ ಒಡೆಯುವ ಪದ್ಧತಿಯಿಂದ ಬಂತು. ತಪ್ಪು ಗಾಜಿನದಲ್ಲ, ಆ ಪದ್ಧತಿಯದು. ಆ ಹಿರಿಯರ ಮೇಲೆ ನಮಗೆ ಕೋಪವಿಲ್ಲ. ಆದರೆ ಬಳೆಚೂರನ್ನು ಕೊರಳಿಗೆ ಹಾಕಿಕೊಳ್ಳುವವಳಲ್ಲಿ ಒಬ್ಬ ವಿಧವೆಯೂ ಇದ್ದರೆ ಈ ಶಿಬಿರ ಮಾಡಿದ್ದು ದೊಡ್ಡ ಕೆಲಸವೆಂದೇ ನಾವು ಎಣಿಸುತ್ತೇವೆ.

ನೇಕ್ ಚಂದರ ಗುಟ್ಟು 1970ರ ದಶಕದ ನಡುವೆ ಅಧಿಕಾರಿಗಳ ಕಣ್ಣಿಗೆ ಬಿತ್ತು. ಕಾನೂನಿನ ಪ್ರಕಾರ ಅದು ಒತ್ತುವರಿ, ಕೆಡವಬೇಕಾದದ್ದು. ಕೆಡವುವ ಮಾತೂ ಬಂತು. ಸುದ್ದಿ ಹರಡಿ ಜನ ನೋಡಲು ಬಂದರು, ಕೆಲವು ಅಧಿಕಾರಿಗಳೂ ಪರವಾಗಿ ನಿಂತರು. 1976ರಲ್ಲಿ ಅದನ್ನು ರಾಕ್ ಗಾರ್ಡನ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದರು. ನೇಕ್ ಚಂದರಿಗೆ ಸಂಬಳ ಕೊಟ್ಟು ಅದೇ ಕೆಲಸಕ್ಕೆ ನೇಮಿಸಿದರು. ಕೈಕೆಳಗೆ ಐವತ್ತು ಮಂದಿ ಕೆಲಸಗಾರರನ್ನೂ ಕೊಟ್ಟರು. 1984ರಲ್ಲಿ ಪದ್ಮಶ್ರೀ ಬಂತು. ಇಷ್ಟಾದರೂ ನೆಮ್ಮದಿ ಇರಲಿಲ್ಲ. ಮುಂದೆ ರಸ್ತೆಗಾಗಿ ಬುಲ್‌ಡೋಜರ್ ಬಂದಾಗ ಊರಿನ ಜನ ಅಡ್ಡ ನಿಂತು ತಡೆಯಬೇಕಾಯಿತು. ಅವರು 2015ರಲ್ಲಿ ತೀರಿಕೊಂಡರು. 2025ರ ಮಾರ್ಚಿನಲ್ಲಿ ರಸ್ತೆ ಅಗಲಿಸಲೆಂದು, ವಾಹನ ನಿಲ್ಲಿಸಲೆಂದು ಅದೇ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಿದರು. ಆಗಲೂ ನಾಗರಿಕರು ಪ್ರತಿಭಟಿಸಿದರು. ಹಳ್ಳಿ ಕೆಡವಿದ ಅವಶೇಷದಿಂದ ಕಟ್ಟಿದ್ದನ್ನು ಮತ್ತೆ ಅವಶೇಷ ಮಾಡುವ ಶಕ್ತಿ ನಕ್ಷೆ ಹಾಕುವವರಲ್ಲಿ ಇನ್ನೂ ಇದೆ ಎಂದಾಯಿತು.

ನೇಕ್ ಚಂದರ ಹೆಸರು ಲೋಕಕ್ಕೆಲ್ಲ ಗೊತ್ತು, ಗೊತ್ತಿರಬೇಕಾದದ್ದೇ. ಸಿಮೆಂಟು ಕಲಸಿದ, ಬಳೆಚೂರು ಒತ್ತಿದ ಆ ಐವತ್ತು ಮಂದಿಯಲ್ಲಿ ಒಬ್ಬರ ಹೆಸರನ್ನಾದರೂ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ನಾವಂತೂ ಕೇಳಿಲ್ಲ.

ಅಮೆರಿಕದ ಲಾಸ್ ಏಂಜಲೀಸಿನಲ್ಲೂ ಇಂಥದೇ ಒಂದು ಪ್ರಕರಣ ನಡೆದಿದೆ. ಸೈಮನ್ ರೋಡಿಯಾ ಎಂಬ ಇಟಲಿಯಿಂದ ಬಂದ ಕೂಲಿಕಾರ 1921ರಿಂದ 1954ರವರೆಗೆ ಒಬ್ಬನೇ ಕಂಬಿ, ಗಾರೆ, ಒಡೆದ ಬಾಟಲಿ, ಪಿಂಗಾಣಿ, ಚಿಪ್ಪುಗಳಿಂದ ಗೋಪುರಗಳನ್ನು ಕಟ್ಟಿದ. ಎತ್ತರದ್ದು ಸುಮಾರು ನೂರು ಅಡಿ. ನಗರಾಡಳಿತ ಅಪಾಯವೆಂದು ಕೆಡವಲು ಹೊರಟಿತು. 1959ರಲ್ಲಿ ಯಂತ್ರದಿಂದ ಹತ್ತು ಸಾವಿರ ಪೌಂಡುಗಳ ಬಲ ಹಾಕಿ ಎಳೆದು ಪರೀಕ್ಷಿಸಿದರು. ಗೋಪುರ ಅಲುಗಲಿಲ್ಲ. ಪದವಿ ಪಡೆದ ಎಂಜಿನಿಯರುಗಳು ಇದರಿಂದ ಏನು ಕಲಿತರೋ, ನಮಗೆ ತಿಳಿಯದು.

ಈ ಇಬ್ಬರ ಕಾಲದ ಕಸ ಗಾಜು, ಮಣ್ಣು, ಕಬ್ಬಿಣ. ನಮ್ಮ ಕಾಲದ ಕಸದಲ್ಲಿ ನಿಜವಾದ ಚಿನ್ನವೇ ಇದೆ. ಟೋಕಿಯೋದ 2020ರ ಒಲಿಂಪಿಕ್ಸಿಗಾಗಿ (ನಡೆದದ್ದು 2021ರಲ್ಲಿ) ಜಪಾನಿನವರು 2017ರ ಏಪ್ರಿಲಿನಿಂದ ಎರಡು ವರ್ಷ ತಮ್ಮ ಜನರಿಂದ ಹಳೆಯ ಯಂತ್ರಗಳನ್ನು ಕೂಡಿಸಿದರು. ಬಂದದ್ದು ಸುಮಾರು 79 ಸಾವಿರ ಟನ್ ಸಣ್ಣ ವಿದ್ಯುನ್ಮಾನ ಸಲಕರಣೆ ಮತ್ತು ಸುಮಾರು 62 ಲಕ್ಷ ಮೊಬೈಲ್ ಫೋನು. ಅದರಿಂದ ಹೊರಟದ್ದು 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು. ಸುಮಾರು 5,000 ಪದಕಗಳಿಗೂ ಅದೇ ಲೋಹ ಸಾಕಾಯಿತು. ಕಸದ ಒಡವೆಯನ್ನು ಲೋಕದ ಅತ್ಯುತ್ತಮ ಓಟಗಾರರು ಕೊರಳಿಗೆ ಹಾಕಿಕೊಂಡರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಅದೇ ಕೆಲಸ ನಮ್ಮ ದೇಶದಲ್ಲಿ ಹೇಗೆ ನಡೆದುಬಂದಿದೆ? ದೆಹಲಿಯ ಸೀಲಂಪುರದಲ್ಲಿ ಹಳೆಯ ಕಂಪ್ಯೂಟರುಗಳನ್ನು ಸುತ್ತಿಗೆಯಿಂದ ಬಿಚ್ಚುತ್ತಾರೆ. ಹಿತ್ತಾಳೆ ಕೆಲಸಕ್ಕೆ ಹೆಸರಾದ ಮುರಾದಾಬಾದಿನಲ್ಲಿ ಫೋನು ಕಂಪ್ಯೂಟರುಗಳ ಒಳಹಲಗೆಗಳನ್ನು ಸುಟ್ಟು, ಬೂದಿಯನ್ನು ರಾಮಗಂಗಾ ನದಿಯ ದಡದಲ್ಲಿ ತೊಳೆದು ಲೋಹ ತೆಗೆದಿದ್ದಾರೆ. ಹೌದು, ಅದೇ ಜಲಗಾರನ ಮರಿಗೆ, ಅದೇ ನೀರು. ಬೂದಿ ಮಾತ್ರ ಬೇರೆ. ಅದರಲ್ಲಿ ಸೀಸವಿದೆ, ಕ್ಯಾಡ್ಮಿಯಂ ಇದೆ. ತೊಳೆಯುವ ಕೈಗಳಲ್ಲಿ ಹೆಂಗಸರದೂ ಮಕ್ಕಳದೂ ಇವೆ. 2022ರಲ್ಲಿ ಲೋಕದಲ್ಲಿ ಇಂಥ ಕಸ 6.2 ಕೋಟಿ ಟನ್ ಹುಟ್ಟಿತೆಂದು ವಿಶ್ವಸಂಸ್ಥೆಯ ಲೆಕ್ಕ. ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಸಂಸ್ಕರಣವಾದದ್ದಕ್ಕೆ ದಾಖಲೆ ಇರುವುದು ನೂರಕ್ಕೆ 22ರಷ್ಟಕ್ಕೆ. ಮಿಕ್ಕದ್ದರಲ್ಲಿ ಬಹುಪಾಲು ಎಲ್ಲಿಗೆ ಹೋಗುತ್ತದೆಂಬುದನ್ನು ಊಹಿಸಲು ಪಂಡಿತರು ಬೇಕಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಯನ್ನೂ ಇಲ್ಲಿ ನೆನೆಯಬೇಕು. ಗಣಿ 2001ರಲ್ಲಿ ಮುಚ್ಚಿತು. ಅದಿರನ್ನು ಅರೆದು, ಸಯನೈಡಿನಲ್ಲಿ ತೊಳೆದು, ಬೇಡವೆಂದು ಸುರಿದ ಮಣ್ಣಿನ ಗುಡ್ಡಗಳು ಅಲ್ಲಿಯೇ ನಿಂತವು. ಗಾಳಿ ಬೀಸಿದಾಗಲೆಲ್ಲ ಆ ಧೂಳು ಕೆಲಸ ಕಳೆದುಕೊಂಡ ಕಾರ್ಮಿಕರ ಮನೆಯ ಅನ್ನದ ತಟ್ಟೆಗೆ ಬಿತ್ತು. ಅಷ್ಟು ವರ್ಷ ಅದು ಕಸ. ಚಿನ್ನದ ಬೆಲೆ ಏರಿದ ಮೇಲೆ ಅದರಲ್ಲಿ ಇನ್ನೂ ಉಳಿದಿರುವ ಚಿನ್ನದ ಮಾತು ಬಂತು. 2024ರಲ್ಲಿ ರಾಜ್ಯ ಸರ್ಕಾರ ಆ ಗುಡ್ಡಗಳಿಂದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ಮಣ್ಣು, ಅದೇ ಜಾಗ. ಬಡವನ ತಟ್ಟೆಗೆ ಬಿದ್ದರೆ ಕಸ, ಬಂಡವಾಳದ ತಕ್ಕಡಿಗೆ ಬಿದ್ದರೆ ಸಂಪತ್ತು.

ಇನ್ನು ನಿಮ್ಮ ಕೆಲಸಕ್ಕೆ ಬರುತ್ತೇವೆ. ಮೊದಲು ನಿಮ್ಮ ಮೈಯ ವಿಷಯ. ಕಂಪ್ಯೂಟರಿನ ಹಸಿರು ಹಲಗೆಯನ್ನು ಕತ್ತರಿಸಿ ಓಲೆ ಮಾಡುವುದು ಪಟ್ಟಣದಲ್ಲಿ ಶೋಕಿಯಾಗಿದೆ. ಅದರ ಬೆಸುಗೆಯಲ್ಲಿ ಸೀಸವಿರಬಹುದು. ಕೊರೆದರೆ ಏಳುವ ಪುಡಿ ಗಾಜಿನ ನಾರು. ಮನೆಯೊಳಗೆ, ಮಗುವಿನ ಪಕ್ಕದಲ್ಲಿ ಕೂತು ಅದನ್ನು ಮಾಡಬೇಡಿ. ನಮ್ಮನ್ನು ಕೇಳಿದರೆ ಮಾಡಲೇಬೇಡಿ. ಟ್ಯೂಬ್‌ಲೈಟಿನ ಗಾಜು ಎಷ್ಟು ತೆಳ್ಳಗೆ, ಎಷ್ಟು ಬೆಳ್ಳಗಿದ್ದರೂ ಒಡೆಯಬೇಡಿ, ಒಳಗೆ ಪಾದರಸವಿದೆ. ತಾಮ್ರದ ಆಸೆಗೆ ತಂತಿಯ ಪ್ಲಾಸ್ಟಿಕ್ಕನ್ನು ಸುಡಬೇಡಿ, ಚಾಕುವಿನಿಂದ ಸುಲಿಯಿರಿ. ಕಿವಿಯ ತೂತಿಗೆ ಹೋಗುವ ಕೊಕ್ಕೆಗೆ ಗುಜರಿಯ ಲೋಹ ಬೇಡ. ನಿಕ್ಕಲ್ ಇದ್ದರೆ ಕಿವಿ ಕೆರೆದು ಹುಣ್ಣಾಗುತ್ತದೆ. ಬಾಟಲಿ ಮುಚ್ಚಳವೂ, ಕಾಗದವೂ, ಬಟ್ಟೆಯೂ, ಅಂಚನ್ನು ಉಜ್ಜಿ ನಯಮಾಡಿದ ಬಳೆಚೂರೂ ನಿಮಗೆ ಧಾರಾಳವಾಗಿ ಸಾಕು.

ಎರಡನೆಯದು ಬೆಲೆ. ಪತ್ರಿಕೆಯ ಮಣಿಯ ಸರಕ್ಕೆ ಒಬ್ಬಳಿಗೆ ಆರು ಗಂಟೆ ಹಿಡಿಯಿತೆಂದು ಇಟ್ಟುಕೊಳ್ಳಿ. ಅಂಗಡಿಯವನು ‘ಕಾಗದದ್ದಲ್ಲವೇ’ ಎಂದು ನೂರು ರೂಪಾಯಿ ಕೊಟ್ಟ. ದಾರ, ಕೊಂಡಿ, ಅರಗಿಗೆ ಇಪ್ಪತ್ತು ಕಳೆಯಿರಿ. ಗಂಟೆಗೆ ಹದಿಮೂರು ರೂಪಾಯಿ ಬಿತ್ತು. ಅವನು ಅದಕ್ಕೆ ‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸಿ ಐನೂರಕ್ಕೆ ಮಾರುತ್ತಾನೆ. ಚೀಟಿ ಅಂಟಿಸಲು ಅವನಿಗೆ ಆರು ಗಂಟೆ ಹಿಡಿಯುವುದಿಲ್ಲ. ಸರಕು ಪುಕ್ಕಟೆ ಬಂದದ್ದರಿಂದ ಸರವೂ ಅಗ್ಗವಾಗಬೇಕು ಎಂಬ ವಾದವನ್ನು ಒಪ್ಪಬೇಡಿ. ನೀವು ಮಾರುತ್ತಿರುವುದು ಕಾಗದವನ್ನಲ್ಲ, ಆ ಆರು ಗಂಟೆಯನ್ನು. ಒಬ್ಬೊಬ್ಬರೇ ಅಂಗಡಿಗೆ ಹೋದರೆ ಈ ಮಾತು ನಡೆಯುವುದಿಲ್ಲ. ಇಪ್ಪತ್ತು ಮಂದಿ ಸೇರಿ ಒಂದು ಸಹಕಾರ ಸಂಘ ಮಾಡಿ ಒಂದೇ ದರ ಹೇಳಿದರೆ ನಡೆದೀತು.

ಮೂರನೆಯದು ನಿಮಗೆ ಸ್ವಲ್ಪ ಕಹಿಯಾಗಬಹುದು. ಸರಕು ಪುಕ್ಕಟೆ ಬಂತು ಎಂದೆವಲ್ಲ, ಅದು ನಿಜವೇ? ಬಾಟಲಿ ಮುಚ್ಚಳಗಳು ತಾವೇ ನಡೆದು ಬರಲಿಲ್ಲ. ಬೆಳಗಿನ ಜಾವ ಚೀಲ ಹೆಗಲಿಗೆ ಹಾಕಿಕೊಂಡು ಚರಂಡಿಯ ಪಕ್ಕ ಬಗ್ಗಿ ಆಯ್ದವರಿದ್ದಾರೆ. ಬೆಂಗಳೂರಿನ ಮಹಾನಗರಪಾಲಿಕೆ 2011ರಲ್ಲಿ ಕಸ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ಅವರನ್ನು ಗುರುತಿಸಿ ವ್ಯವಸ್ಥೆಯೊಳಕ್ಕೆ ಸೇರಿಸಿಕೊಳ್ಳಬೇಕೆಂದು ಪುರಸಭೆಗಳಿಗೆ ಹೇಳಿದವು. ಎಷ್ಟು ಊರುಗಳಲ್ಲಿ ಚೀಟಿಯ ಜೊತೆ ಕೈಗವಸು, ಕೂಲಿ, ವಿಮೆ ಬಂದಿದೆ ಎಂದು ನಿಮ್ಮ ನಿಮ್ಮ ಊರಿಗೆ ಹೋಗಿ ನೀವೇ ವಿಚಾರಿಸಿ. ಅಂಗಡಿಯವನು ನಿಮ್ಮ ಆರು ಗಂಟೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ನೀವು ದೂರುವಾಗ ಆಯ್ದವಳ ಬೆಳಗನ್ನು ನೀವೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಗುಜರಿ ಅಂಗಡಿಯಿಂದ ಕೊಳ್ಳುವ ಬದಲು ಅವಳಿಂದಲೇ ಕೊಳ್ಳಿ. ಮುಚ್ಚಳಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ತೊಳೆದು ತಂದುಕೊಟ್ಟರೆ ಅದಕ್ಕೆ ಹೆಚ್ಚಿನ ದರ ಗೊತ್ತುಮಾಡಿ. ತೂಕ ಅವಳ ಎದುರಿಗೇ ಆಗಲಿ.

ಮುಂದಿನ ಶಿಬಿರಕ್ಕೆ ಆ ಕೇರಿಯ ಹೆಣ್ಣುಮಕ್ಕಳ ಹೆಸರು ಬಂದಿದೆಯೇ ಎಂದು ಈಗ ತಾನೇ ವಿಚಾರಿಸಿದೆವು. ಒಂದೂ ಬಂದಿಲ್ಲವಂತೆ. ಇನ್ನೂರು ರೂಪಾಯಿ ಪ್ರವೇಶಶುಲ್ಕವಿದೆಯಂತೆ, ಶಿಬಿರ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದಂತೆ. ಅವರು ಆಯುವ ಹೊತ್ತೇ ಅದು. ಶುಲ್ಕವನ್ನು ತೆಗೆದುಹಾಕಿ, ಶಿಬಿರವನ್ನು ಮಧ್ಯಾಹ್ನ ಎರಡು ಗಂಟೆಗೆ ಬದಲಾಯಿಸಬೇಕೆಂದು ವ್ಯವಸ್ಥಾಪಕರನ್ನು ಈ ವೇದಿಕೆಯ ಮೇಲಿಂದಲೇ ಕೇಳುತ್ತಿದ್ದೇವೆ. ಅವರು ಇಲ್ಲೇ ಕೂತಿದ್ದಾರೆ. ಉತ್ತರವನ್ನು ನಿಮ್ಮೆಲ್ಲರ ಎದುರಿಗೆ ಹೇಳಲಿ.